ಉದ್ಯೋಗೀ ಹಿಂಸೆಯೂ ಊಟದ ಕೋಣೆಯೂ

ವೇಣೂರಿನ ಭಗವಾನ್ ಬಾಹುಬಲಿ ಸ್ವಾಮಿಗೆ 2024ರ ಫೆಬ್ರವರಿ 22ರಿಂದ ಮಾರ್ಚ್ 1ರವರೆಗೆ ಮಹಾಮಸ್ತಕಾಭಿಷೇಕವು ನೆರವೇರಿತು. 1604ರಲ್ಲಿ ಅಜಿಲ ವಂಶದ ಅರಸ ತಿಮ್ಮಣ್ಣನು ಫಲ್ಗುಣಿಯ ತಡಿಯಲ್ಲಿ ಪ್ರತಿಷ್ಠಾಪಿಸಿದ 35 ಅಡಿಯ ಆ ಮೂರ್ತಿಯ ಅಭಿಷೇಕಕ್ಕೆ ತಿಂಗಳುಗಳ ಮೊದಲೇ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳಗಳ ಶ್ರಾವಕರ ಮನೆಗಳಲ್ಲಿ ಸಿದ್ಧತೆ ನಡೆದಿತ್ತು. ಆ ಸಂಭ್ರಮದ ನಡುವೆ ಜನವರಿ 28ರ ಭಾನುವಾರ ಸಂಜೆ, ವೇಣೂರು ಠಾಣೆಯ ವ್ಯಾಪ್ತಿಗೇ ಸೇರಿದ ಕುಕ್ಕೇಡಿ ಗ್ರಾಮದಲ್ಲಿ ಪಟಾಕಿ ತಯಾರಿಸುವ ಘಟಕವೊಂದು ಸ್ಫೋಟಗೊಂಡಿತು. ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇಬ್ಬರು ಕೇರಳದಿಂದ ಬಂದವರು, ಮೂರನೆಯವನು ಹಾಸನ ಜಿಲ್ಲೆಯ ತರುಣ. ಸದ್ದು ಕಿಲೋಮೀಟರುಗಟ್ಟಲೆ ದೂರ ಕೇಳಿಸಿತು. ಸುತ್ತಲಿನ ಮನೆಗಳಿಗೂ ಹಾನಿಯಾಯಿತು.

ಅದೇ ವಾರ ಮೂಡುಬಿದಿರೆಯ ಕಡೆಯ ಬಸದಿಯೊಂದರ ಆಡಳಿತ ಸಮಿತಿಯ ಸಭೆ ಸೇರಿತ್ತು. ವಾರ್ಷಿಕ ರಥೋತ್ಸವದ ಅಂದಾಜು ಪಟ್ಟಿಯಲ್ಲಿ ಹೂವು, ವಾದ್ಯ, ಪೆಂಡಾಲುಗಳ ಜೊತೆಗೆ ಸುಡುಮದ್ದು ಎಂಬ ಬಾಬತ್ತೂ ಇತ್ತು. ಈ ವರ್ಷ ಅದನ್ನು ಕೈಬಿಡುವುದು ಲೇಸಲ್ಲವೇ ಎಂದು ಒಬ್ಬರು ಕೇಳಿದರು. ಹಿರಿಯರೊಬ್ಬರು ಉತ್ತರ ಕೊಟ್ಟರು: “ಮದ್ದು ಅರೆಯುವುದು ಅವರ ಕಸುಬು. ಅಪಾಯವನ್ನು ಅರಿತೇ ಬರುತ್ತಾರೆ. ಇದು ಉದ್ಯೋಗೀ ಹಿಂಸೆ, ಸಂಸಾರದಲ್ಲಿರುವವನಿಗೆ ತಪ್ಪಿದ್ದಲ್ಲ.” ಸಭೆ ಮುಂದಿನ ಬಾಬತ್ತಿಗೆ ಹೋಯಿತು. ಸದಸ್ಯರಲ್ಲೊಬ್ಬರಾಗಿದ್ದ ಬಂಟ್ವಾಳ ಪೇಟೆಯ ಗೇರುಬೀಜ ವರ್ತಕರು ಆ ಮಾತಿಗೆ ಎದುರು ಹೇಳಲಿಲ್ಲ. ಆದರೆ ಮನೆಗೆ ಮರಳುವ ದಾರಿಯುದ್ದಕ್ಕೂ ಅದೇ ಮಾತು ಅವರ ತಲೆಯಲ್ಲಿ ಸುಳಿಯುತ್ತಿತ್ತು. ಏಕೆಂದರೆ ತಮ್ಮ ಕಾರ್ಖಾನೆಯ ವಿಷಯದಲ್ಲಿ ಅವರೂ ಮೂವತ್ತು ವರ್ಷಗಳಿಂದ ಇದೇ ಸಮಾಧಾನವನ್ನು ಹೇಳಿಕೊಳ್ಳುತ್ತ ಬಂದವರು.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮ ವಾಚಕರಿಗೆ ಪರಿಚಿತವಾದುದೇ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸತಕ್ಕದ್ದು. ಕೃಷಿ, ವಾಣಿಜ್ಯ, ಕೈಗಾರಿಕೆಗಳಲ್ಲಿ ಒದಗುವ ಉದ್ಯೋಗೀ ಹಿಂಸೆಯಿಂದ ಅವನು ಪೂರ್ತಿ ಪಾರಾಗಲಾರ; ಅದನ್ನು ಯತ್ನಾಚಾರದಿಂದ, ಅಂದರೆ ಎಚ್ಚರದ ನಡೆಯಿಂದ, ಆದಷ್ಟು ಕಡಮೆ ಮಾಡಬೇಕು. ಜನರು ನೆನಪಿಡುವುದು ಮೊದಲ ಅರ್ಧವನ್ನು ಮಾತ್ರ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸಿಯೇ ಹೇಳುತ್ತದೆ. ಎಚ್ಚರ ತಪ್ಪಿದ ಮನಸ್ಸೇ ಅಲ್ಲಿ ದೋಷದ ಮೂಲ. ಆದುದರಿಂದ ಯಾವುದೇ ಸಾವಿನ ಎದುರು ಶ್ರಾವಕನು ಕೇಳಿಕೊಳ್ಳಬೇಕಾದುದು “ಇದು ಉದ್ಯೋಗದಲ್ಲಿ ಆದುದೇ?” ಎಂದಲ್ಲ, “ಇದನ್ನು ತಪ್ಪಿಸುವ ಎಚ್ಚರ ಸಾಧ್ಯವಿತ್ತೇ?” ಎಂದು. ಸಾಧ್ಯವಿದ್ದೂ ಮಾಡದಿದ್ದರೆ ಅದಕ್ಕೆ ಉದ್ಯೋಗದ ಹೆಸರಿಟ್ಟು ಪ್ರಯೋಜನವಿಲ್ಲ.

ಮರುದಿನ ಬೆಳಿಗ್ಗೆ ಆ ವರ್ತಕರು ತಮ್ಮ ಕಾರ್ಖಾನೆಯ ಆವರಣವನ್ನು ಬೇರೆಯವರ ಜಾಗವನ್ನು ನೋಡುವಂತೆ ಸುತ್ತಿ ನೋಡಿದರು. ಹಸಿ ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಸಿಪ್ಪೆ ಒಡೆದು, ಒಣಗಿಸಿ, ತಿರುಳನ್ನು ವಿಂಗಡಿಸುವ ಕೆಲಸ, ಹೆಚ್ಚಿನವರೆಲ್ಲ ಹೆಂಗಸರು. ಹಬೆಗಾಗಿ ಒಂದು ಬಾಯ್ಲರ್. ಅದಕ್ಕೆ ಗೇರುಬೀಜದ ಸಿಪ್ಪೆಯೇ ಸೌದೆ. ಎಣ್ಣೆಯ ಅಂಶವಿರುವುದರಿಂದ ಅದು ಭರದಿಂದ ಉರಿಯುತ್ತದೆ. ಬಾಯ್ಲರ್ ಕೋಣೆಯ ಒಂದು ಗೋಡೆಗೆ ತಾಗಿ ಹೆಂಗಸರ ಊಟದ ಕೋಣೆ. ಮಳೆಗಾಲದಲ್ಲಿ ಒದ್ದೆ ಸೀರೆಯ ಸೆರಗು ಆರಲೆಂದು, ಬುತ್ತಿಯ ಕುಚ್ಚಲಕ್ಕಿ ಅನ್ನ ತಣಿಯದಿರಲೆಂದು ಅವರು ಆ ಬೆಚ್ಚನೆಯ ಗೋಡೆಗೇ ಒರಗಿ ಕೂಡುವರು. ಇನ್ನೊಂದು ಗೋಡೆಯ ಆಚೆ, ಬಾಯ್ಲರ್ ನೋಡಿಕೊಳ್ಳುವವನ ಸಂಸಾರಕ್ಕೆ ಬಾಡಿಗೆಯಿಲ್ಲದೆ ಕೊಟ್ಟ ಕೋಣೆ. ದೂರದ ರಾಜ್ಯದಿಂದ ಬಂದ ಗಂಡ, ಹೆಂಡತಿ ಮತ್ತು ಶಾಲೆಗೆ ಇನ್ನೂ ಸೇರದ ಒಂದು ಮಗು. ಆ ಕೋಣೆಯನ್ನು ಕೊಟ್ಟುದು ಒಂದು ಪುಣ್ಯದ ಕಾರ್ಯವೆಂದೇ ವರ್ತಕರು ಭಾವಿಸಿದ್ದರು.

ಬಾಯ್ಲರಿಗೆ ಸರಕಾರಿ ತಪಾಸಣೆಯ ಪತ್ರವಿತ್ತು. ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ವಾಲ್ವ್ ಕೆಲಸ ಮಾಡುತ್ತಿತ್ತು. ಕಾಗದದಲ್ಲಿ ಕೊರತೆಯಿರಲಿಲ್ಲ. ಆದರೂ ಅವರು ಪಣಂಬೂರಿನ ಕಡೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವ ಸೋದರಳಿಯನನ್ನು ಕರೆಸಿ ತೋರಿಸಿದರು. ಅವನು ಬಾಯ್ಲರನ್ನು ಹೆಚ್ಚು ಹೊತ್ತು ನೋಡಲಿಲ್ಲ, ಗೋಡೆಗಳನ್ನು ನೋಡಿದನು. “ಮಾವ, ಯಂತ್ರ ಸರಿಯಿದೆಯೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಅದು ಕೆಟ್ಟ ದಿನ ಅದರ ಪಕ್ಕದಲ್ಲಿ ಯಾರು ಇರುತ್ತಾರೆ ಎಂಬುದು ಮೊದಲನೆಯದು,” ಎಂದನು. ಒತ್ತಡದಲ್ಲಿರುವ ಕುದಿನೀರು ತೊಟ್ಟಿ ಒಡೆದೊಡನೆ ಹಬೆಯಾಗುತ್ತದೆ. ನೀರು ಹಬೆಯಾದಾಗ ಅದರ ಗಾತ್ರ 1,600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಆ ಬಲದ ಎದುರು ಕೆಂಪುಕಲ್ಲಿನ ಗೋಡೆ ರಕ್ಷಣೆಯಾಗಲಾರದು. ಅದೇ ಕಲ್ಲುಗಳು ಹಾರಿಬರುವ ಗುಂಡುಗಳಾಗುತ್ತವೆ. ಕಿಟಕಿಯ ಗಾಜು, ಮಾಡಿನ ಶೀಟು, ಹಂಚು ಎಲ್ಲವೂ ಒಳಗಿದ್ದವರ ಮೇಲೆಯೇ ಬೀಳುತ್ತವೆ. ಬಯಲಿನಲ್ಲಿದ್ದವನು ಬದುಕಬಹುದಾದ ದೂರದಲ್ಲಿಯೂ ಕಟ್ಟಡದೊಳಗಿದ್ದವನು ಕಟ್ಟಡದಿಂದಲೇ ಸಾಯುವುದುಂಟು.

ಈ ಪಾಠವನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿತಿದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಎಂಬಲ್ಲಿ ನೈಲಾನಿನ ಮೂಲವಸ್ತುವನ್ನು ತಯಾರಿಸುವ ಕಾರ್ಖಾನೆಯಿತ್ತು. 1974ರ ಜೂನ್ 1ರಂದು ಅಲ್ಲಿ ತಾತ್ಕಾಲಿಕವಾಗಿ ಜೋಡಿಸಿದ್ದ ಕೊಳವೆಯೊಂದು ಬಿಟ್ಟುಕೊಂಡು ಆವಿ ಹೊರಬಿದ್ದು ಸ್ಫೋಟಿಸಿತು. ಸತ್ತವರು 28 ಮಂದಿ. ಅವರಲ್ಲಿ 18 ಮಂದಿ ನಿಯಂತ್ರಣ ಕೊಠಡಿಯಲ್ಲಿದ್ದವರು. ಆ ದಿನ ಶನಿವಾರವಾದುದರಿಂದ ಕಚೇರಿಯ ಕಟ್ಟಡ ಬರಿದಾಗಿತ್ತು. ಕೆಲಸದ ದಿನವಾಗಿದ್ದರೆ ಸಾವಿನ ಸಂಖ್ಯೆ ಬಹಳ ಹೆಚ್ಚುತ್ತಿತ್ತು. ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ನಡೆದುದು ಇನ್ನೂ ಮನಮುಟ್ಟುವಂತಹುದು. ಅಲ್ಲಿ ಸತ್ತ 15 ಮಂದಿಯೂ ಗುತ್ತಿಗೆ ಕೆಲಸದವರು. ಅವರಿದ್ದುದು ಗಾಲಿಯ ಮೇಲಿನ ತಾತ್ಕಾಲಿಕ ಕಚೇರಿಗಳಲ್ಲಿ ಮತ್ತು ಅವುಗಳ ಸುತ್ತಮುತ್ತ. ತೈಲ ಉಕ್ಕಿ ಹರಿದ ಕೊಳವೆಗಂಬಕ್ಕೂ ಹತ್ತಿರದ ಕಚೇರಿಗೂ ಇದ್ದ ದೂರ ಸುಮಾರು 120 ಅಡಿ. ಆ ಘಟಕಕ್ಕೂ ಅವರ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಖಾಲಿ ಜಾಗ ಸಿಕ್ಕಿತೆಂದು ಅವರ ಕಚೇರಿಯನ್ನು ಅಲ್ಲಿ ನಿಲ್ಲಿಸಲಾಗಿತ್ತು. ಘಟಕವನ್ನು ಅಂದು ಮತ್ತೆ ಚಾಲೂ ಮಾಡುತ್ತಿದ್ದಾರೆಂಬ ಸುದ್ದಿಯೂ ಅವರಿಗೆ ತಲುಪಿರಲಿಲ್ಲ. 2007ರಲ್ಲಿ ಅಲ್ಲಿನ ಪೆಟ್ರೋಲಿಯಂ ಉದ್ಯಮದ ಸಂಸ್ಥೆಯು ಇಂತಹ ತಾತ್ಕಾಲಿಕ ಕಟ್ಟಡಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು.

ಈ ಎರಡು ಘಟನೆಗಳ ನಡುವಣ ವ್ಯತ್ಯಾಸವನ್ನು ಅಳಿಯನು ಮಾವನಿಗೆ ಹೀಗೆ ಬಿಡಿಸಿ ಹೇಳಿದನು. ನಿಯಂತ್ರಣ ಕೊಠಡಿಯವರಿಗೆ ಯಂತ್ರದ ಮೇಲೆ ಕಣ್ಣಿಡುವ ಕೆಲಸವಿದೆ. ಅವರನ್ನು ತೀರ ದೂರ ಕಳುಹಿಸಲಾಗದು, ಆದ್ದರಿಂದ ಅವರ ಗೋಡೆಯನ್ನು ಬಲಪಡಿಸಬೇಕು. ಗುತ್ತಿಗೆಯವರ ಕಚೇರಿ, ಊಟದ ಮನೆ, ಮಲಗುವ ಕೋಣೆ, ಸಂಬಳ ಹಂಚುವ ಜಾಗ ಇವಾವುವೂ ಅಪಾಯದ ಪಕ್ಕದಲ್ಲಿ ಇರಲೇಬೇಕೆಂದಿಲ್ಲ, ಅವನ್ನು ಸ್ಥಳಾಂತರಿಸಬೇಕು. ಹಾಗಾದರೆ ಪ್ರತಿಯೊಂದು ಕೋಣೆಯ ಎದುರು ನಿಂತು ಕೇಳಬೇಕಾದ ಪ್ರಶ್ನೆಗಳು ಮೂರೇ: ಇಲ್ಲಿರುವವನು ಇಲ್ಲಿಯೇ ಇರಬೇಕೇ? ಇರಲೇಬೇಕಾದರೆ ಈ ಗೋಡೆ, ಈ ಮಾಡು ಅವನನ್ನು ಕಾಯುವುದೇ? ಅಪಾಯ ಒದಗಿದಾಗ ಅವನಿಗೆ ತಿಳಿಯುವುದೇ, ಹೊರಗೆ ಓಡಲು ಬಾಗಿಲು ಇದೆಯೇ?

ಮೂರನೆಯ ಪ್ರಶ್ನೆಗೆ ದೂರದ ದೇಶದ ಉದಾಹರಣೆ ಬೇಕಿಲ್ಲ. 2023ರ ಅಕ್ಟೋಬರ್ 7ರಂದು ಬೆಂಗಳೂರು ಸಮೀಪದ ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾಗ ಹೊತ್ತಿದ ಬೆಂಕಿ ಮಳಿಗೆ ಮತ್ತು ದಾಸ್ತಾನನ್ನು ಆವರಿಸಿ, ಒಳಗಿದ್ದವರಲ್ಲಿ 14 ಮಂದಿಗಿಂತ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ದೀಪಾವಳಿಯ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಪಟಾಕಿ ತಯಾರಿಕೆಯ ನಿಯಮಗಳು ಒಂದು ಶೆಡ್ಡಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಕೆಲಸಗಾರರು ಇರಬಾರದೆಂದೂ, ಶೆಡ್ಡಿನಿಂದ ಶೆಡ್ಡಿಗೆ ನಿಗದಿತ ಅಂತರವಿರಬೇಕೆಂದೂ ಹೇಳುತ್ತವೆ. ಒಂದು ಕಡೆ ಹೊತ್ತಿಕೊಂಡರೂ ಉಳಿದವರು ಉಳಿಯಲಿ ಎಂಬುದೇ ಇದರ ಹಿಂದಿನ ವಿವೇಕ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಅದರ ಶಕ್ತಿಗೆ ಮೀರಿದ ಹೊರೆ ಹೇರುವುದೆಂದು ಅದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಒಂದು ಶೆಡ್ಡಿಗೆ ಮಿತಿಮೀರಿ ಮದ್ದನ್ನೂ ಜನರನ್ನೂ ತುಂಬುವುದನ್ನು ಇಂದಿನ ಕಾಲದ ಅತಿಭಾರಾರೋಪಣವೆಂದರೆ ತಪ್ಪಾಗದು. ಹೊರೆ ಇಲ್ಲಿ ಕಾಣಿಸದು. ಬೆನ್ನು ಮಾತ್ರ ಮನುಷ್ಯನದು.

ಕಾನೂನೂ ಸುಮ್ಮನಿಲ್ಲ. ಭೋಪಾಲದಲ್ಲಿ 1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತ ಮೇಲೆ, 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯವೊಂದನ್ನು ಸೇರಿಸಲಾಯಿತು. ತನ್ನ ಸುತ್ತಲಿನ ಅಪಾಯವನ್ನು ತಿಳಿಯುವ ಹಕ್ಕು, ಕಂಡ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗೆ ದೊರೆತವು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಕರೆಯಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು. ಈಗ ಸಾಮಾನ್ಯವಾಗಿ 20 ಮಂದಿ ಬೇಕು. ಕಾನೂನಿಗೆ ತಲೆ ಎಣಿಸದೆ ನಿರ್ವಾಹವಿಲ್ಲ. ಆದರೆ ಹತ್ತೊಂಬತ್ತು ಮಂದಿ ದುಡಿಯುವಲ್ಲಿ ಪ್ರಮಾದವು ಪ್ರಮಾದವಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ನಮ್ಮ ಸಮಾಜದ ಅಕ್ಕಿಗಿರಣಿ, ಗೇರುಬೀಜ ಕಾರ್ಖಾನೆ, ಎಣ್ಣೆ ಗಾಣಗಳಲ್ಲಿ ಹೆಚ್ಚಿನವು ಸಣ್ಣವೇ.

ವರ್ತಕರು ಮೊದಲು ಬಾಯ್ಲರ್ ನೋಡುವವನ ಸಂಸಾರಕ್ಕೆ ರಸ್ತೆಯ ಆಚೆ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಕೊಟ್ಟರು. ಅವರ ಹಳೆಯ ಕೋಣೆಯನ್ನು ಕೆಡವಿಸಿ ಜಾಗವನ್ನು ಬಯಲಾಗಿಯೇ ಬಿಟ್ಟರು. ಬರಿದಾದ ಕೋಣೆಗೆ ಮತ್ತೆ ಯಾರೋ ಬಂದು ಸೇರಿಕೊಳ್ಳುವುದು ಸಹಜ ಎಂಬುದನ್ನು ಅವರು ಬಲ್ಲರು. ಕಷ್ಟವಾದುದು ಊಟದ ಕೋಣೆ. ದೂರದಲ್ಲಿ ತಕ್ಕ ಜಾಗವೆಂದರೆ ಗೇಟಿನ ಬಳಿಯ ಗೋದಾಮು ಒಂದೇ. ಆಗ ಮಾರ್ಚ್ ತಿಂಗಳು. ಹಸಿಬೀಜ ಬಂದು ಬೀಳುವ ಕಾಲ. ಗೋದಾಮು ಬಿಟ್ಟುಕೊಟ್ಟರೆ ಬೀಜ ಇಡಲು ಹೊರಗೆ ಬಾಡಿಗೆ ತೆರಬೇಕು. ಲೆಕ್ಕ ಹಾಕಿದಾಗ ಆ ವರ್ಷದ ಲಾಭದಲ್ಲಿ ಎದ್ದುಕಾಣುವ ಕಡಿತವಾಗುತ್ತಿತ್ತು. ಮನೆಯಲ್ಲಿ ಮಗನೂ ಆಕ್ಷೇಪಿಸಿದನು: ಮೂವತ್ತು ವರ್ಷ ಆಗದ್ದು ಇನ್ನು ಮುಂದೆ ಆಗುವುದೇ? ತಂದೆಯ ಬಳಿ ಅದಕ್ಕೆ ಲೆಕ್ಕದ ಉತ್ತರವಿರಲಿಲ್ಲ. ಕುಕ್ಕೇಡಿಯಲ್ಲಿಯೂ ಜನವರಿ 27ರವರೆಗೆ ಅದು ಆಗಿರಲಿಲ್ಲ ಎಂದಷ್ಟೇ ಹೇಳಿದರು.

ಗೋದಾಮನ್ನು ತೆರವುಗೊಳಿಸಿ, ಸುಣ್ಣ ಬಳಿಸಿ, ಬೆಂಚು ಹಾಕಿಸಿದರು. ಮೊದಲ ದಿನ ಎಲ್ಲರೂ ಅಲ್ಲಿ ಉಂಡರು. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಹೆಂಗಸರು ಬಾಯ್ಲರ್ ಗೋಡೆಯ ಹಳೆಯ ಜಾಗಕ್ಕೇ ಮರಳಿದ್ದರು. ವರ್ತಕರಿಗೆ ಮೊದಲು ಸಿಟ್ಟು ಬಂತು. ಹಿರಿಯ ಕೆಲಸಗಾರ್ತಿಯೊಬ್ಬರನ್ನು ಕರೆದು ಕೇಳಿದರು: “ಏನಕ್ಕ, ನಿಮಗೋಸ್ಕರವೇ ಮಾಡಿಸಿದ್ದಲ್ಲವೇ?” ಅವರು ಶಾಂತವಾಗಿ ಹೇಳಿದರು: “ಧಣಿಗಳೇ, ಅಲ್ಲಿ ನೀರಿಲ್ಲ. ಬೀಜದ ಎಣ್ಣೆ ತಾಗಿದ ಕೈ ತೊಳೆಯಲಿಕ್ಕೆ ಇಲ್ಲಿಗೇ ಬರಬೇಕು. ಉಂಡ ಪಾತ್ರೆ ತೊಳೆಯಲಿಕ್ಕೆ ಪುನಃ ಇಲ್ಲಿಗೇ. ಅರ್ಧ ಗಂಟೆಯ ಬಿಡುವಿನಲ್ಲಿ ಎಷ್ಟು ಸಲ ನಡೆಯುವುದು?” ಅಪಾಯವೆಷ್ಟೆಂದು ಅವರಿಗೆ ಯಾರೂ ತಿಳಿಸಿಯೂ ಇರಲಿಲ್ಲ. ಕೋಣೆಯನ್ನು ಸ್ಥಳಾಂತರಿಸಿದ್ದ ಧಣಿಗಳು ನಲ್ಲಿಯನ್ನು ಅಲ್ಲಿಯೇ ಬಿಟ್ಟಿದ್ದರು.

ಮನುಷ್ಯನು ನೀರು ಮತ್ತು ನೆರಳು ಇದ್ದಲ್ಲಿಗೆ ಹೋಗುತ್ತಾನೆ. ಫಲಕ ಬರೆದು ತೂಗುಹಾಕಿದಲ್ಲಿಗೆ ಅಲ್ಲ. ಅದೇ ವಾರ ನೀರಿನ ಕೊಳವೆಯನ್ನು ಗೇಟಿನವರೆಗೆ ಎಳೆಸಿ, ಹಳೆಯ ನಲ್ಲಿಯನ್ನು ತೆಗೆಸಿದರು. ಬುತ್ತಿ ಬಿಸಿಮಾಡಿಕೊಳ್ಳಲು ವಿದ್ಯುತ್ತಿನ ಪೆಟ್ಟಿಗೆಯನ್ನು ಇರಿಸಿದರು. ಜೂನ್ ತಿಂಗಳಿಗೆ ಮುನ್ನ ಕೆಲಸದ ಶೆಡ್ಡಿನಿಂದ ಊಟದ ಕೋಣೆಗೆ ನಡೆಯುವ ದಾರಿಗೆ ಮಾಡು ಹಾಕಿಸಿದರು. ಬಾಯ್ಲರ್ ಎಂದರೇನು, ಅದರ ಶಬ್ದ ಬದಲಾದರೆ ಯಾವ ಬಾಗಿಲಿನಿಂದ ಹೊರಗೆ ಓಡಬೇಕು ಎಂಬುದನ್ನು ಅಳಿಯನು ಒಂದು ಮಧ್ಯಾಹ್ನ ತುಳುವಿನಲ್ಲಿ ಎಲ್ಲರಿಗೂ ವಿವರಿಸಿದನು. ಆ ಬಾಗಿಲಿಗೆ ಅಡ್ಡವಾಗಿ ಪೇರಿಸಿದ್ದ ಚೀಲಗಳನ್ನು ಸರಿಸಬೇಕೆಂದು ಆಗಲೇ ಒಬ್ಬ ಹುಡುಗಿ ಹೇಳಿದಳು. ಅಲ್ಲಿಯವರೆಗೆ ಧಣಿಗಳೂ ಅಳಿಯನೂ ಅದನ್ನು ಗಮನಿಸಿರಲಿಲ್ಲ.

ಬಸದಿಯ ಸಮಿತಿಯ ಮುಂದಿನ ಸಭೆಯಲ್ಲಿ ಅವರು ಸುಡುಮದ್ದಿನ ವಿಷಯವನ್ನು ಮತ್ತೆ ಎತ್ತಿದರು. ಅದರ ಜೊತೆಗೆ ಇನ್ನೊಂದನ್ನೂ. ಬಸದಿಯ ಅಡುಗೆಮನೆಯ ಹಿಂದೆ ಉಗ್ರಾಣವಿದೆ. ಉತ್ಸವದ ದಿನಗಳಲ್ಲಿ ಅಲ್ಲಿ ಅನಿಲದ ಸಿಲಿಂಡರುಗಳನ್ನು ಸಾಲಾಗಿ ಇಡುತ್ತಾರೆ; ಅಡುಗೆಯವರು ರಾತ್ರಿ ಮಲಗುವುದೂ ಅಲ್ಲಿಯೇ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮಟ್ಟದಲ್ಲಿ, ಚಾಪೆಯ ಮೇಲೆ ಮಲಗಿದವನ ಮುಖದ ಎತ್ತರದಲ್ಲಿಯೇ ನಿಲ್ಲುತ್ತದೆ. ಆ ಅನಿಲದ ಬಲ ಬಂಟ್ವಾಳದವರಿಗೆ ಅಪರಿಚಿತವಲ್ಲ; 2013ರ ಏಪ್ರಿಲ್ 9ರಂದು ಪೆರ್ನೆಯಲ್ಲಿ ಟ್ಯಾಂಕರೊಂದು ಉರುಳಿ ಹೊತ್ತಿಕೊಂಡಾಗ ರಸ್ತೆಬದಿಯ ಮನೆಗಳವರೆಗೆ ಬೆಂಕಿ ನುಗ್ಗಿ ಹಲವರು ಸತ್ತುದನ್ನು ಅವರು ಕಂಡಿದ್ದಾರೆ. ಉಗ್ರಾಣದ ವಿಷಯದಲ್ಲಿ ಸಭೆಯಲ್ಲಿ ಎರಡು ಮಾತಾಗಲಿಲ್ಲ. ಸಿಲಿಂಡರುಗಳಿಗೆ ಹೊರಗೆ ಗಾಳಿಯಾಡುವ ಜಾಲರಿಯ ಮಾಡು, ಅಡುಗೆಯವರಿಗೆ ಸಭಾಭವನದ ಪಕ್ಕದ ಕೋಣೆ ಎಂದು ನಿರ್ಣಯವಾಯಿತು. ಸುಡುಮದ್ದಿನ ಬಗ್ಗೆ ಮಾತ್ರ ಒಮ್ಮತ ಮೂಡಲಿಲ್ಲ. ಮೊದಲು ಉದ್ಯೋಗೀ ಹಿಂಸೆಯ ಮಾತೆತ್ತಿದ್ದ ಹಿರಿಯರು ಈ ಸಲ ಹೆಚ್ಚು ವಾದಿಸಲಿಲ್ಲ. ಮದ್ದು ತಯಾರಾಗುವ ಜಾಗವನ್ನು ಇಬ್ಬರು ಸದಸ್ಯರು ಹೋಗಿ ನೋಡಿ ಬರುವವರೆಗೆ ಆ ಬಾಬತ್ತನ್ನು ತಡೆಹಿಡಿಯೋಣವೆಂದು ಅವರೇ ಸೂಚಿಸಿದರು. ನೋಡಲು ತಾವೂ ಬರುವುದಾಗಿ ಹೇಳಿದರು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳವು ಚತುರ್ವಿಧ ದಾನಕ್ಕೆ ನಾಡಿನಲ್ಲೆಲ್ಲ ಹೆಸರಾಗಿರುವುದರಿಂದ ಈ ಸೀಮೆಯ ಮಕ್ಕಳೂ ಇದನ್ನು ಬಲ್ಲರು. ಮೊದಲ ಮೂರಕ್ಕೆ ನಮ್ಮ ಸಮಾಜವು ಧಾರಾಳವಾಗಿ ಕೊಡುತ್ತ ಬಂದಿದೆ. ಕೊಟ್ಟವರ ಹೆಸರು ಶಿಲಾಫಲಕದಲ್ಲಿಯೂ ಇರುತ್ತದೆ. ಅಭಯವೆಂಬುದನ್ನು ಪ್ರಾಣಿಗಳ ರಕ್ಷಣೆಗಷ್ಟೇ ಸೀಮಿತಗೊಳಿಸಿ ಯೋಚಿಸುವವರೇ ಹೆಚ್ಚು. ಬಾಡಿಗೆಯಿಲ್ಲದೆ ಕೊಟ್ಟ ಕೋಣೆಯು ಬಾಯ್ಲರಿನ ಗೋಡೆಗೆ ತಾಗಿದ್ದರೆ ಅದರಲ್ಲಿ ದಾನವಿದೆ, ಅಭಯವಿಲ್ಲ. ಕಾರ್ಖಾನೆ, ಗಿರಣಿ, ದೇವಸ್ಥಾನ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಶ್ರಾವಕರು ಒಂದು ದಿನ ಬಿಡುವು ಮಾಡಿಕೊಂಡು, ತಮ್ಮ ಆವರಣದಲ್ಲಿ ಬೆಂಕಿ, ಹಬೆ, ಅನಿಲ, ವಿಷ ಇರುವ ಜಾಗಗಳನ್ನು ಗುರುತಿಸಿ, ಅವುಗಳ ಪಕ್ಕದಲ್ಲಿ ಯಾರು ಉಣ್ಣುತ್ತಾರೆ, ಯಾರು ಮಲಗುತ್ತಾರೆ ಎಂಬುದನ್ನು ಸ್ವತಃ ನೋಡತಕ್ಕದ್ದು. ನೋಡುವಾಗ ನಲ್ಲಿ ಎಲ್ಲಿದೆ ಎಂಬುದನ್ನೂ ಗಮನಿಸಬೇಕು. ಅಲ್ಲಿ ದುಡಿಯುವವರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು; ಅಡ್ಡವಾಗಿರುವ ಚೀಲ ಅವರ ಕಣ್ಣಿಗೆ ಬೇಗ ಬೀಳುತ್ತದೆ.